ಚಾದರ ಹಿಡಿದ ಬೆರಳುಗಳು

ನಮ್ಮ ಹರಿಹರದ ಮನೆಯ ಕ್ರಿಸ್‌ಮಸ್ ಫೋಟೊಗಳಲ್ಲಿ ಬಲಗಡೆಯ ಅಂಚಿಗೆ ನಾಲ್ಕು ಬೆರಳು ಕಾಣುತ್ತಿದ್ದವು. ಆ ಬೆರಳುಗಳು ಮಾಯವಾದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಭಿಲಾಯಿಯಲ್ಲಿರುವ ನನ್ನ ದೊಡ್ಡಪ್ಪನ ಮಗಳು ಸುನೀತಾ, ಈ ಹಬ್ಬಕ್ಕೆ ಹಳೆಯ ಫೋಟೊಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿಸಿ ಎಲ್ಲರ ಮನೆಗೂ ಕಳಿಸುತ್ತೇನೆಂದು ಹೊರಟಿದ್ದಳು. ನಾವೀಗ ದಿಕ್ಕಿಗೊಬ್ಬರು. ಅವಳು ಭಿಲಾಯಿಯಲ್ಲಿ, ಅವಳ ಅಣ್ಣ ಪುಣೆಯಲ್ಲಿ, ಕುವೈತಿಗೆ ಹೋದ ಚಿಕ್ಕಪ್ಪನ ಮಕ್ಕಳು ಯಾವ ಯಾವ ದೇಶದಲ್ಲೋ. ಹರಿಹರ ಬಿಡದೆ ಉಳಿದವಳು ನಾನೊಬ್ಬಳು. ಹಾಗಾಗಿ ಫೋಟೊಗಳು ನನ್ನಲ್ಲಿವೆ, ಅವ್ವ ಇಟ್ಟುಕೊಂಡಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಇಟ್ಟು ಫೋನಿನಲ್ಲಿ ತೆಗೆದು ಕಳಿಸಿಕೊಟ್ಟೆ. ಎರಡು ದಿನ ಬಿಟ್ಟು ಅವಳು ಅವನ್ನು ಚೊಕ್ಕ ಮಾಡಿ ವಾಪಸ್ ಕಳಿಸಿದಳು. ಹಳದಿ ಕಲೆ ಹೋಗಿತ್ತು, ಮಡಿಚಿದ ಗೆರೆ ಹೋಗಿತ್ತು, ಅಜ್ಜನ ಕೋಟಿನ ಗುಂಡಿಗಳು ಹೊಸದರಂತೆ ಹೊಳೆಯುತ್ತಿದ್ದವು. ಬೆರಳುಗಳೂ ಹೋಗಿದ್ದವು. ನಾನು ತಕ್ಷಣ ಫೋನು ಮಾಡಿದೆ.

"ಅದಾ? ಯಾರೋ ಅಡ್ಡ ಕೈ ಹಾಕಿದ್ರು ಅಕ್ಕ. ಎಷ್ಟೋ ಫೋಟೊದಾಗೆ ಇತ್ತು. ಸುಮ್ನೆ ಬೆರಳಲ್ಲಿ ಒರೆಸಿದ್ರೆ ಸಾಕು, ಆ್ಯಪೇ ತೆಗೀತೈತೆ. ಕ್ಲೀನ್ ಆಗೈತಲ್ಲ?"

"ಅದು ತೆರೇಸತ್ತೆ ಕೈ."

"ಯಾವ ತೆರೇಸತ್ತೆ? ಮದ್ವೆ ಮಾಡ್ಕಂಡು ಹೋದ್ರಲ್ಲ, ಅವ್ರಾ? ಅವ್ರು ಹಬ್ಬಕ್ಕೆ ಬರ್ತಾನೇ ಇರ್ಲಿಲ್ಲ ಅಂತ ಅಪ್ಪ ಹೇಳ್ತಿದ್ರು."

ಬರುತ್ತಿರಲಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಸುನೀತಾಳದ್ದಲ್ಲ ಎಂದು ಗೊತ್ತಿದ್ದರೂ ಬಾಯಿಗೆ ಬಂದಂತೆ ಬೈದೆ. ಆ ಬೆರಳು ತೆಗೆಯುವುದಾದರೆ ನನ್ನನ್ನೂ ತೆಗೆ ಎಂದೆ. ಎಲ್ಲ ಫೋಟೊದಲ್ಲೂ ಮುಂದಿನ ಸಾಲಿನ ನಡುಮಧ್ಯೆ ಮಣೆಯ ಮೇಲೆ ಕೂತಿರುವ ಹುಡುಗಿ ನಾನು. ನಡುವೆ ಅಷ್ಟು ದೊಡ್ಡ ತೂತು ಬಿದ್ದರೆ ನಿನ್ನ ಆ್ಯಪು ಏನು ತುಂಬಿಸುತ್ತದೋ ನೋಡೇಬಿಡೋಣ ಎಂದೆ. ಅವಳು ಹೆದರಿ ಫೋನು ಇಟ್ಟಳು. ಇಟ್ಟ ಮೇಲೂ ನಾನು ಗೋಡೆಗೆ ಬೈಯುತ್ತಾ ಕೂತಿದ್ದೆ. ನಮ್ಮ ಕಡೆಯವರು ನನ್ನನ್ನು ಸಿಟ್ಟಿನ ಹೆಂಗಸು ಅನ್ನುತ್ತಾರೆ. ಹೌದು, ನಾನು ಸಿಟ್ಟಿನ ಹೆಂಗಸೇ. ಈ ಸಿಟ್ಟು ನಾನು ಹುಟ್ಟುವಾಗ ತಂದದ್ದಲ್ಲ. ಅದನ್ನು ಕಲಿತದ್ದು ಆ ಮನೆಯ ಜಗಲಿಯಲ್ಲಿ, ಹಬ್ಬದ ಬೆಳಗ್ಗೆ, ಹೊಸ ಲಂಗ ಹಾಕಿಕೊಂಡು ಆ ಮಣೆಯ ಮೇಲೆ ಕೂತು.

ಮನೆ ದೊಡ್ಡದೇನಲ್ಲ. ಮುಂದೆ ಉದ್ದನೆಯ ಜಗಲಿ, ಒಳಗೆ ಎರಡು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಜ್ಜ ಇನ್ನಾಸಪ್ಪ ಊರಿನ ಮಷೀನು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಚರ್ಚಿನಲ್ಲಿ ಮುಂದಿನ ಬೆಂಚಿನ ಮನುಷ್ಯ. ಡಿಸೆಂಬರ್ ಹುಟ್ಟಿದರೆ ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಬಲ್ಬು ಇಟ್ಟು ಆಳೆತ್ತರದ ನಕ್ಷತ್ರ ಮಾಡುತ್ತಿದ್ದ. ನಾವು ಮಕ್ಕಳು ಹೊಳೆಗೆ ಹೋಗಿ ಗೋದಲಿಗೆ ಮರಳು ತರುತ್ತಿದ್ದೆವು. ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿ ನೀರು ಹಾಕಿದರೆ ಹಬ್ಬದ ಹೊತ್ತಿಗೆ ಹಸಿರು ಪೈರು. ಅದನ್ನು ಗೋದಲಿಯಲ್ಲಿ ಬಾಲಯೇಸುವಿನ ಕೊಟ್ಟಿಗೆಯ ಸುತ್ತ ಜೋಡಿಸುವುದು ನನ್ನ ಕೆಲಸ. ಇವೆಲ್ಲ ಸಂತೋಷದ ನೆನಪುಗಳೇ. ಸುನೀತಾಳ ಪುಸ್ತಕಕ್ಕೆ ಇಷ್ಟೇ ಸಾಕಿತ್ತು. ಆದರೆ ಅಡುಗೆಮನೆಯೊಳಗೆ ಹೋದರೆ ಅಲ್ಲಿ ತೆರೇಸತ್ತೆ ಇರುತ್ತಾಳೆ, ಅವಳನ್ನು ದಾಟಿಕೊಂಡು ನಾನು ಹಬ್ಬವನ್ನು ನೆನೆಯುವುದು ಹೇಗೆ?

ತೆರೇಸತ್ತೆ ಅಪ್ಪನ ತಂಗಿ, ಅಜ್ಜನ ಒಬ್ಬಳೇ ಮಗಳು. ದಾವಣಗೆರೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದಳು. ಆ ಕ್ಲಾಸಿನ ಕೆಳಗೆ ಮಂಡಕ್ಕಿ ಅಂಗಡಿ ಇಟ್ಟಿದ್ದ ಮಲ್ಲಣ್ಣ ಎಂಬುವವರನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾದಳು. ಅವರದು ವಿಭೂತಿ ಹಚ್ಚುವ ಮನೆ, ತಲೆತಲಾಂತರದ ವ್ಯಾಪಾರಸ್ಥರು. ಅವರೂ ಜಾತಿ ಬಿಡಲಿಲ್ಲ, ಇವಳೂ ದೇವರನ್ನು ಬಿಡಲಿಲ್ಲ. ಹಣೆಗೆ ಕುಂಕುಮ ಇಟ್ಟುಕೊಂಡಳು, ಕೊರಳಿನ ಶಿಲುಬೆಯನ್ನು ತಾಳಿಯ ಪಕ್ಕದಲ್ಲೇ ಉಳಿಸಿಕೊಂಡಳು. ಅಜ್ಜ ಒಂದು ವರ್ಷ ಮಾತು ಬಿಟ್ಟ. ಆಮೇಲೆ ಹಬ್ಬಕ್ಕೆ ಬರಬಹುದೆಂದು ಹೇಳಿಕಳಿಸಿದ. ಪ್ರೀತಿಯಿಂದ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಯೋಚಿಸಿದರೆ, ಹಬ್ಬದ ಅಡುಗೆಗೆ ಅವಳ ಕೈ ಬೇಕಿತ್ತು ಅಷ್ಟೇ. ಅಜ್ಜಿಗೆ ಕೀಲುನೋವು, ಅವ್ವ ಯಾವಾಗಲೂ ಬಸುರಿ ಇಲ್ಲವೇ ಬಾಣಂತಿ.

ಹಬ್ಬಕ್ಕೆ ಎರಡು ದಿನ ಇರುವಾಗ ಅತ್ತೆ ಬಸ್ಸಿಳಿದು ಬರುತ್ತಿದ್ದಳು, ಕಂಕುಳಲ್ಲಿ ಮಂಡಕ್ಕಿಯ ದೊಡ್ಡ ಚೀಲ. ಬಂದವಳು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತರೆ ಮುಗಿಯಿತು. ಕರ್ಜಿಕಾಯಿಯ ಅಂಚನ್ನು ನಾವೆಲ್ಲ ಅಚ್ಚಿನಲ್ಲಿ ಒತ್ತಿದರೆ ಅವಳು ಬೆರಳಿನಲ್ಲೇ ಹೆಣೆಯುತ್ತಿದ್ದಳು, ಜಡೆಯ ಹಾಗೆ. ಎಣ್ಣೆ ಸಿಡಿದು ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ. ಗಂಡನ ಮನೆಯ ನಡಾವಳಿಗೆಂದು ಅವಳು ಮಾಂಸ ಬಿಟ್ಟಿದ್ದಳು. ಆದರೂ ಹಬ್ಬದ ಕುರಿ ಸಾರು ಅವಳೇ ಮಾಡಬೇಕು. ಮಸಾಲೆಯನ್ನು ವಾಸನೆಯಲ್ಲೇ ಹಿಡಿಯುತ್ತಿದ್ದಳು, ಉಪ್ಪಿಗೆ ಮಾತ್ರ ನಾನು ಬೇಕು. ನನ್ನನ್ನು ಕರೆದು ಅಂಗೈಗೆ ಎರಡು ಹನಿ ಹಾಕುತ್ತಿದ್ದಳು.

"ಹೆಂಗೈತೆ ನೋಡೇ ಕರುಣಾ. ನಿನ್ನ ನಾಲಿಗೇನೇ ನನ್ನ ನಾಲಿಗೆ ಇವತ್ತು."

ನಾನು ತಲೆಯಾಡಿಸಿದರೆ ಸಾರು ಇಳಿಯುತ್ತಿತ್ತು. ಅಷ್ಟು ಜನ ಬಡಿಸಿಕೊಂಡು ಬಡಿಸಿಕೊಂಡು ಉಂಡರು, ಬೆರಳು ನೆಕ್ಕಿದರು. ಅವಳ ಹಣೆಯ ಕುಂಕುಮ ಆ ಸಾರಿನೊಳಗೆ ಯಾರಿಗೂ ಕಾಣಲಿಲ್ಲ. ಅದು ಕಂಡದ್ದು ಫೋಟೊ ತೆಗೆಯುವಾಗ ಮಾತ್ರ.

ನಮ್ಮ ಮನೆಯಲ್ಲಿ ಫೋಟೊ ಎಂದರೆ ಪೂಜೆಯಷ್ಟೇ ಕಟ್ಟುನಿಟ್ಟು. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಬಂದ ಕೂಡಲೇ, ಊಟಕ್ಕೆ ಮುಂಚೆ, ಸ್ಟುಡಿಯೋದ ಹನುಮಂತಪ್ಪ ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡು ಬರುತ್ತಿದ್ದ. ಜಗಲಿಯ ಗೋಡೆಗೆ ಅಡ್ಡಲಾಗಿ ದಾವಣಗೆರೆ ಮಿಲ್ಲಿನ ಹೊಸ ಚಾದರ ಕಟ್ಟುತ್ತಿದ್ದರು, ಗಾರೆ ಉದುರಿದ್ದು ಕಾಣಬಾರದೆಂದು. ಅದರ ಮುಂದೆ ಕುರ್ಚಿಗಳು. ದೂರದಲ್ಲಿದ್ದು ಬರಲಾಗದವರಿಗೂ ಒಂದೊಂದು ಕುರ್ಚಿ ಇತ್ತು. ಭಿಲಾಯಿಯ ದೊಡ್ಡಪ್ಪನ ಕಟ್ಟು ಹಾಕಿದ ಫೋಟೊ ಒಂದರ ಮೇಲೆ, ಕುವೈತಿನ ಚಿಕ್ಕಪ್ಪನದು ಇನ್ನೊಂದರ ಮೇಲೆ. ಅಜ್ಜಿ ಗಾಜನ್ನು ಸೆರಗಿನಲ್ಲಿ ಒರೆಸಿ, ಬೀಳದ ಹಾಗೆ ಹಿಂದೆ ದಿಂಬು ಕೊಟ್ಟು, "ಕೂತ್ಕ ಮಗನೆ" ಎಂದು ಅವರನ್ನು ಕೂರಿಸುತ್ತಿದ್ದಳು. ಆಮೇಲೆ ಆ ಫೋಟೊದ ಪ್ರತಿಗಳು ಅಂಚೆಯಲ್ಲಿ ಅವರಿಗೇ ಹೋಗುತ್ತಿದ್ದವು. ದೂರದಲ್ಲಿ ಕೂತು ನೋಡಿದವರಿಗೆ ತಾವೂ ಮನೆಯಲ್ಲೇ ಇದ್ದೇವೆ ಅನ್ನಿಸಲಿ ಎಂದು. ಒಳ್ಳೆಯ ಪದ್ಧತಿ. ಅದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ.

ಅತ್ತೆ ಮದುವೆಯ ನಂತರ ಮೊದಲ ಸಲ ಬಂದ ವರ್ಷ ನನಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಕೂತಾಗಿತ್ತು. ಅವಳು ಕೈ ತೊಳೆದು, ತಲೆ ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಂತಳು. ಹನುಮಂತಪ್ಪನಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ.

"ಬರ್ರಿ ಅಕ್ಕಾರೆ, ಅಮ್ಮಾರ ಪಕ್ಕ ಕೂಡ್ರಿ. ಬಿಸಿಲು ಏರ್ತೈತೆ."

"ಆಕಿ ಬ್ಯಾಡ," ಅಂದಳು ಅಜ್ಜಿ.

"ಯಾಕವ್ವ?" ಅಂದಳು ಅತ್ತೆ.

"ಈ ಫೋಟೊ ಭಿಲಾಯಿಗೆ ಹೋಗ್ತೈತೆ, ಕುವೈತಿಗೆ ಹೋಗ್ತೈತೆ. ಅಲ್ಲಿ ನಾಕು ಮಂದಿ ನಮ್ಮೋರು ನೋಡ್ತಾರೆ. ಹಣೆ ಮ್ಯಾಲಿಂದು ಒರೆಸ್ಕಂಡು ಬಾ, ಕೂಡ್ರಿಸ್ಕಂತೀನಿ."

"ಒರೆಸಲ್ಲ."

"ಹಂಗಾರೆ ಆ ಕಡೆ ಮೊಳೆ ಸಡ್ಲ ಐತೆ. ಚಾದ್ರ ಹಿಡ್ಕಂಡು ನಿಲ್ಲು."

ಮೊಳೆ ಸಡಿಲವಾಗಿರಲಿಲ್ಲ. ಇದನ್ನು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ, ಸಾಯುವಾಗ ಪಾದ್ರಿಯ ಮುಂದೆಯೂ ಹೇಳುತ್ತೇನೆ. ಅವಳ ಮದುವೆಗೆ ಮುಂಚೆ ಚಾದರದ ಎರಡೂ ತುದಿ ಮೊಳೆಗೇ ಕಟ್ಟುತ್ತಿದ್ದರು. ಆ ಫೋಟೊಗಳು ನನ್ನ ಡಬ್ಬಿಯಲ್ಲಿವೆ. ಚಾದರ ಬಿಗಿಯಾಗಿ ನಿಂತಿದೆ, ಅದರ ಮುಂದೆ ಎರಡು ಜಡೆಯ ತೆರೇಸತ್ತೆ ಅಜ್ಜಿಗೆ ಒರಗಿಕೊಂಡು ಕೂತಿದ್ದಾಳೆ. ಆ ಬಲಗಡೆಯ ಮೊಳೆಗೇ ಅಜ್ಜ ತನ್ನ ಆಳೆತ್ತರದ ನಕ್ಷತ್ರವನ್ನು, ಫೋಟೊದ ಹೊತ್ತೊಂದು ಬಿಟ್ಟು, ಡಿಸೆಂಬರ್ ಪೂರ್ತಿ ನೇತುಹಾಕುತ್ತಿದ್ದ. ಅಂಥ ನಕ್ಷತ್ರ ತಡೆದ ಮೊಳೆ ಒಂದು ಚಾದರ ತಡೆಯುವುದಿಲ್ಲವೆ? ನಾನು ಮಣೆಯ ಮೇಲಿಂದಲೇ ಕೂಗಿದೆ:

"ಮೊಳೆ ಗಟ್ಟಿ ಐತಜ್ಜಿ! ನಕ್ಷತ್ರ ಅದಕ್ಕೇ ಹಾಕಿದ್ವಲ್ಲ!"

ಹಿಂದೆ ನಿಂತಿದ್ದ ಅವ್ವ ನನ್ನ ತೋಳನ್ನು ತಿರುವಿ ಚಿವುಟಿದಳು. ಆ ವರ್ಷದ ಫೋಟೊದಲ್ಲಿ ನನ್ನ ಮೂತಿ ಊದಿಕೊಂಡಿದೆ, ಕಣ್ಣಲ್ಲಿ ನೀರಿದೆ. ಅಪ್ಪ ತಲೆ ಬಗ್ಗಿಸಿ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. ಮೊದಲೇ ಕಟ್ಟಿದ್ದ ಲಾಡಿ ಅದು. ಬಿಚ್ಚಿ ಮತ್ತೆ ಕಟ್ಟಿದ. ಕುವೈತಿನ ಚಿಕ್ಕಪ್ಪ ಗಾಜಿನೊಳಗಿಂದ ನಗುತ್ತಾ ಕುರ್ಚಿಯಲ್ಲಿ ಕೂತಿದ್ದ. ಸಮುದ್ರದ ಆಚೆ ಇದ್ದವನಿಗೆ ದಿಂಬು ಸಮೇತ ಜಾಗ ಸಿಕ್ಕಿತು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಿಂದ ಬಂದು, ಬೆಳಗಿನಿಂದ ಒಲೆಯ ಮುಂದೆ ಬೆಂದವಳು ಗೋಡೆಯ ಮೂಲೆಯಲ್ಲಿ ನಿಂತು ಚಾದರ ಹಿಡಿದಳು. ಅಲ್ಲಿಂದ ಅಜ್ಜಿ ಬದುಕಿರುವವರೆಗೆ ಪ್ರತಿ ವರ್ಷವೂ ಇದೇ ಆಯಿತು. ಪ್ರತಿ ವರ್ಷವೂ ಮೊಳೆ ಸಡಿಲ ಎಂದರು. ಯಾರೂ ಅದನ್ನು ಒಂದು ಸಲವೂ ಬಡಿಯಲಿಲ್ಲ. ಫಿಟ್ಟರನ ಮನೆಯಲ್ಲಿ ಸುತ್ತಿಗೆ ಇರಲಿಲ್ಲವೇ?

ಅಪ್ಪನ ಮೇಲೆ ನನಗಿರುವ ಸಿಟ್ಟು ಬೇರೆ ಥರದ್ದು. ಅಜ್ಜಿ ಕಲ್ಲಿನಂಥವಳು, ಅವಳ ಹತ್ತಿರ ಏನೂ ಕೇಳುವಂತಿರಲಿಲ್ಲ. ಅಪ್ಪ ಹಾಗಲ್ಲ, ಮೆತ್ತಗಿನ ಮನುಷ್ಯ, ತಂಗಿ ಎಂದರೆ ಜೀವ. ಮಾರನೆಯ ದಿನ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋಗುತ್ತಿದ್ದ. ಕಿಟಕಿಯಿಂದ ಕರ್ಜಿಕಾಯಿಯ ಡಬ್ಬಿ ಕೊಟ್ಟು, ಬಸ್ಸು ಹೊರಟ ಮೇಲೆ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಅವನ ಕೈ ಹಿಡಿದುಕೊಂಡು ನಿಂತಿರುತ್ತಿದ್ದೆ. ಆ ಕಣ್ಣೀರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಳುವ ಬದಲು ಜಗಲಿಯಲ್ಲಿ ಎದ್ದು ನಿಂತು, ಅವಳಿಗೆ ನನ್ನ ಕುರ್ಚಿ ಕೊಡಿ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು? ಒಂದು ಸಲ ಕೇಳಿಯೂಬಿಟ್ಟೆ.

"ಅಪ್ಪಾ, ಅತ್ತೆ ಯಾಕ ಫೋಟೊದಾಗ ಬರಲ್ಲ?"

"ಬರ್ತಾಳಲ್ಲವ್ವ. ಕೈ ಬಂದೈತಲ್ಲ."

ಇದು ಅವನ ಸಮಾಧಾನ. ಮಗಳ ಮುಂದೆ ಹೀಗೆ ಹೇಳಿ ಮನುಷ್ಯ ರಾತ್ರಿ ಹೇಗೆ ನಿದ್ದೆ ಮಾಡುತ್ತಿದ್ದನೋ. ಅವತ್ತಿನಿಂದ ನಾನು ಮನೆಯಲ್ಲಿ ಸುಮ್ಮನಿರುವುದನ್ನು ಬಿಟ್ಟೆ. ಊಟಕ್ಕೆ ಕೂತಾಗ, ಹಬ್ಬಕ್ಕೆ ನೆಂಟರು ಬಂದಾಗ, ನನ್ನದೇ ಮದುವೆಯ ಮಾತುಕತೆಯಲ್ಲಿ, ಎಲ್ಲಿ ಯಾರನ್ನಾದರೂ ಮೂಲೆಗೆ ನಿಲ್ಲಿಸಿದ್ದು ಕಂಡರೆ ಬಾಯಿ ಹಾಕಿದೆ. ಬೇಡವಾದ ಕಡೆಯೂ ಹಾಕಿದ್ದೇನೆ, ಅದಕ್ಕೆ ಪಶ್ಚಾತ್ತಾಪವಿಲ್ಲ.

ಸುನೀತಾ ಹೆದರಿ ಫೋನು ಇಟ್ಟಳೆಂದು ಹೇಳಿದೆನಲ್ಲ. ಮೂರನೆಯ ದಿನ ಅವಳಿಂದ ಹೊಸದೊಂದು ಫೋಟೊ ಬಂತು. "ಸಾರಿ ಅಕ್ಕ. ಸರಿ ಮಾಡಿದೀನಿ, ಅತ್ತೆಗೆ ತೋರ್ಸು" ಎಂದು ಬರೆದಿದ್ದಳು. ನಾನು ನೋಡಿದೆ. ಅಜ್ಜಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬಂದಿತ್ತು. ಅದರ ಮೇಲೆ ತೆರೇಸತ್ತೆ ಕೂತಿದ್ದಳು. ಮದುವೆಗೆ ಮುಂಚಿನ ಅವಳ ಫೋಟೊಗಳೂ ನಾನು ಕಳಿಸಿದವುಗಳಲ್ಲಿ ಇದ್ದವು, ಆ ಮುಖ ತೆಗೆದುಕೊಂಡು ಆ್ಯಪು ಅವಳಿಗೆ ಮೈ, ಸೀರೆ, ಮಡಿಲ ಮೇಲೆ ಕೈ ಎಲ್ಲವನ್ನೂ ಕೊಟ್ಟಿತ್ತು. ಊದಿದ್ದ ನನ್ನ ಮೂತಿಯನ್ನೂ ನಗಿಸಿತ್ತು. ನನ್ನ ನಗು ನೋಡಿ ಕಸಿವಿಸಿಯಾದರೂ, ಅತ್ತೆ ಅಲ್ಲಿ ಕೂತದ್ದು ನೋಡಿ ಕಣ್ಣು ತುಂಬಿತು. ಕೊನೆಗೂ ಕೂರಿಸಿದೆವಲ್ಲ ಎನ್ನಿಸಿತು. ಬಿಸ್ಕತ್ತಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ದಾವಣಗೆರೆ ಬಸ್ಸು ಹತ್ತಿದೆ.

ಅತ್ತೆ ಈಗ ಸರಸ್ವತಿ ನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಮಂಡಕ್ಕಿ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಮಲ್ಲಣ್ಣ ಮಾವ ತೀರಿಕೊಂಡು ವರ್ಷಗಳಾದವು. ಆಗ ಆ ಮನೆಯ ಹಿರಿಯರು ಅವಳ ಹಣೆಯ ಕುಂಕುಮ ಒರೆಸಲು ಬಂದಾಗಲೂ ಅವಳು ಒರೆಸಲ್ಲ ಎಂದವಳೇ. ಅದು ಇವತ್ತೂ ಇದೆ, ಸುಕ್ಕುಗಳ ನಡುವೆ, ಕಾಸಿನಗಲ. ಸೊಸೆ ಚಹಾ, ಒಗ್ಗರಣೆ ಮಂಡಕ್ಕಿ ತಂದಿಟ್ಟು ಹೋದಳು. ನಾನು ಫೋನಿನಲ್ಲಿ ಸುನೀತಾ ಕಳಿಸಿದ ಫೋಟೊ ತೆರೆದು ಅತ್ತೆಯ ಮಡಿಲಲ್ಲಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದ್ಯಾರೇ ಅವ್ವನ ಪಕ್ಕ?"

"ನೀನೇ ಅತ್ತೆ."

"ನಾನ್ಯಾವಾಗ ಕುಂತಿದ್ದೆ ಅಲ್ಲಿ?"

"ಕುಂತಿರ್ಲಿಲ್ಲ. ಸುನೀತಾ ಈಗ ಕುಂದ್ರಿಸ್ಯಾಳೆ, ಫೋನಿನಾಗೆ."

ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದಳು. ನಾನು ಮುಖವನ್ನು ದೊಡ್ಡದು ಮಾಡಿ ತೋರಿಸಿದೆ. ಆಗ ನನಗೂ ಕಂಡಿತು. ಆ ಹುಡುಗಿಯ ಹಣೆ ಖಾಲಿಯಿತ್ತು.

"ನೋಡಿದ್ಯಾ? ನಿಮ್ಮಜ್ಜಿ ಕೇಳಿದ್ದು ಇದನ್ನೇ. ಒರೆಸ್ಕಂಡು ಬಾ, ಕೂಡ್ರಿಸ್ಕಂತೀನಿ ಅಂತ. ಆಕಿ ಇರೋತನಕ ಆಕಿ ಕೈಲಿ ಆಗ್ಲಿಲ್ಲ. ಈಗ ನೀವೇ ಒರೆಸಿ ಕುಂದ್ರಿಸೀರಿ."

ಅವಳ ದನಿ ಏರಿರಲಿಲ್ಲ. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಅವಳು ಫೋನನ್ನು ಪಕ್ಕಕ್ಕಿಟ್ಟು, ಡಬ್ಬಿಯ ಮುಚ್ಚಳ ತೆಗೆದು, ಹಳೆಯ ಫೋಟೊವನ್ನೇ ಹುಡುಕಿ ತೆಗೆದಳು. ಬಲಗಡೆಯ ಅಂಚಿನ ಆ ನಾಲ್ಕು ಬೆರಳಿನ ಮೇಲೆ ತನ್ನ ಹೆಬ್ಬೆರಳು ಆಡಿಸಿದಳು.

"ಇವು ನೋಡು. ಇವು ತಾವಾಗೇ ಬಿದ್ದಾವೆ ಅಂದ್ಕಂಡಿಯಾ? ಹನುಮಂತಪ್ಪ ಪ್ರತಿ ವರ್ಷ ಹೇಳಾನು, ಅಕ್ಕಾರೆ ಬೆರಳು ಬೀಳ್ತಾವೆ, ಹಿಂದಕ್ಕ ಹಿಡೀರಿ ಅಂತ. ಹ್ಞೂಂ ಅಂತಿದ್ದೆ. ಆತ ಕರಿ ಬಟ್ಟೆಯೊಳಗೆ ತಲೆ ಹಾಕಿ ಹೊರಗೆ ಬರೋದ್ರಾಗೆ ಮತ್ತೆ ಮುಂದಕ್ಕ ಚಾಚಿರ್ತಿದ್ದೆ."

"ಬೇಕಂತಾನೇ?"

"ಬೇಕಂತಾನೇ. ಭಿಲಾಯಿಗೆ ಹೋಗ್ಲಿ, ಕುವೈತಿಗೆ ಹೋಗ್ಲಿ. ನಮ್ಮಣ್ಣಂದಿರು ಯಾರಾದ್ರೂ ಒಬ್ರು ಕಾಗದ ಬರೆದು ಕೇಳ್ತಾರೆ, ಈ ಕೈ ಯಾರ್ದು ಅಂತ. ಅಷ್ಟು ವರ್ಷ ಕಾದೆ. ಯಾರೂ ಕೇಳ್ಲಿಲ್ಲ ನೋಡು."

ಅಲ್ಲಿಯವರೆಗೆ ನಾನು ಅತ್ತೆಗೆ ಆದದ್ದನ್ನೇ ನೆನೆದು ಸಿಟ್ಟಾಗುತ್ತಿದ್ದೆ. ಅವಳಿಗೂ ಸಿಟ್ಟಿತ್ತೆಂದು, ಅದನ್ನು ಅವಳು ವರ್ಷ ವರ್ಷವೂ ಅಂಚೆಗೆ ಹಾಕುತ್ತಿದ್ದಳೆಂದು ನನಗೆ ಹೊಳೆದಿರಲಿಲ್ಲ. ಎಲ್ಲರ ಮನೆಗೂ ಅದು ತಲುಪಿತ್ತು. ಎಲ್ಲರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನೋಡಿದವರು ಒಬ್ಬರೂ ಇರಲಿಲ್ಲ. ನಾನು ಅಲ್ಲಿಂದಲೇ ಸುನೀತಾಳಿಗೆ ಫೋನು ಹಚ್ಚಿದೆ. ಬೈಯಬೇಕೆಂದಿದ್ದೆ. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ನಾನು ತೆರೇಸ. ನಿಮ್ಮಪ್ಪನ ತಂಗಿ. ಹ್ಞಾಂ, ಅರಾಮಿದೀನಿ. ಇಲ್ಲವ್ವ, ಅಳಬ್ಯಾಡ, ನಿಂದೇನೈತೆ ಇದ್ರಾಗೆ. ಕುರ್ಚಿ ಮ್ಯಾಲಿನ ಆ ಹುಡುಗಿನ ತೆಗೆದುಬಿಡು, ಆಕಿ ನಾನಲ್ಲ. ಬೆರಳು ಮೊದ್ಲಿದ್ದಂಗೆ ಇಡು. ಅವು ನನ್ನವು."

ಫೋನು ನನ್ನ ಕೈಗೆ ಬಂತು. ಸುನೀತಾ ಮೂಗೊರೆಸಿಕೊಳ್ಳುತ್ತಾ, ಹಳೆಯದನ್ನೇ ಹಾಕುತ್ತೇನೆ, ಆದರೆ ಪ್ರತಿ ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಹೆಸರು ಹಾಕುತ್ತಿದ್ದೇನೆ, ಕೊನೆಯಲ್ಲಿ ಏನಂತ ಹಾಕಲಿ ಎಂದು ಕೇಳಿದಳು. ನಾನು ಹೇಳಿದೆ, ಅವಳು ಬರೆದುಕೊಂಡಳು.

"'ಚಾದರ ಹಿಡಿದವರು, ತೆರೇಸ.' ಇಷ್ಟೇನಾ ಅಕ್ಕ?"

"ಇನ್ನೊಂದು ಮಾತು ಐತೆ, ಅದನ್ನೂ ಹಾಕು. ಮೊಳೆ ಗಟ್ಟಿ ಇತ್ತು."